ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು, ದೊಡ್ಡಪ್ಪನನ್ನು ಒಪ್ಪಿಸೋದು ಹೇಗೆ?

ಕೆರೆದಂಡೆ:
ನಮ್ಮ ದೊಡ್ಡಪ್ಪನ ಹಿತ್ತಲ ಹುಣಸೆ ಮರದಲ್ಲಿ ಈ ವರ್ಷ ಮೊದಲ ಸಲ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಬಂದಿವೆ. ಒಂಬತ್ತು ಗೂಡು ಎಣಿಸಿದೆ. ಅಂಗಳವೆಲ್ಲ ಬೆಳ್ಳಗೆ ಹಿಕ್ಕೆ, ಮೀನಿನ ವಾಸನೆ ಬೇರೆ. "ಹುಣಸೆ ಬಡಿಯೋ ಹಾಗಿಲ್ಲ, ಕೊಂಬೆ ಕಡಿಸ್ತೀನಿ" ಅಂತ ಕೂತಿದ್ದಾರೆ. ಇವತ್ತು ಬೆಳಿಗ್ಗೆ ಒಂದು ಮರಿ ಕೆಳಗೆ ಬಿತ್ತು. ಬಾಯಿ ತೆರೆದು, ಗಂಟಲ ಚೀಲ ಪಟಪಟ ಅಲ್ಲಾಡಿಸುತ್ತಾ ಕೂತಿದೆ. ತಾಯಿ ಇಳಿದು ಬರುತ್ತಾ?

ಬೆಳ್ಳೂರು ಸೊಸೆ:
ಬರಲ್ಲ. ಕೆಳಗೆ ಬಿದ್ದ ಮರಿಗೆ ಅವು ಉಣಿಸೋದಿಲ್ಲ. ನಾಯಿ ಬರದ ಹಾಗೆ ನೆರಳಲ್ಲಿ ಬುಟ್ಟಿ ಮುಚ್ಚಿಡಿ, ಗಾಳಿ ಆಡಲಿ. ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡಿ. ನೀವೇ ಸಾಕೋಕೆ ಹೋಗಬೇಡಿ.

ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಸೊಸೆಯಾಗಿ ಬಂದವಳು. ಇಲ್ಲಿ ಬಿದ್ದ ಮರಿಗಳಿಗೆ ಅಂತಲೇ ಬಲೆ ಕಟ್ಟಿದ ಆವರಣವಿದೆ. ಊರಿನ ಹೆಜ್ಜಾರ್ಲೆ ಬಳಗದ ಹುಡುಗರು ಮೀನು ಹಾಕಿ, ಹಾರುವಷ್ಟು ಬೆಳೆಸಿ ಬಿಟ್ಟಿದ್ದಾರೆ. ನಮ್ಮ ಅತ್ತೆ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಹಾಗಂತ ಬರೀ ಪ್ರೀತಿಯಿಂದ ಮರ ಉಳಿಯಲ್ಲ. ಹುಣಸೆ ಹಣ್ಣಾಗುವ ಹೊತ್ತಿಗೇ ಗೂಡಲ್ಲಿ ಮರಿ ಇರುತ್ತೆ, ನಷ್ಟ ಮರದವರದೇ ಅಲ್ವಾ? ಅದಕ್ಕೇ ಇಲ್ಲಿ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಕೊಡುತ್ತೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಜಮೀನು, ಮರ ಎಲ್ಲ ಜನರ ಹೆಸರಲ್ಲೇ ಉಳಿದಿದೆ.

ದೊಡ್ಡಪ್ಪನಿಗೆ ಹಕ್ಕಿಯ ಮಹತ್ವ ಹೇಳಬೇಡಿ. ಮೊದಲು ಅವರ ನಷ್ಟ ಕೇಳಿ. ಪಂಚಾಯಿತಿಯವರನ್ನೂ ಕರೆದುಕೊಂಡು ಹೋಗಿ ಇಲಾಖೆಗೆ ಅರ್ಜಿ ಕೊಡಿ. ಹಿಕ್ಕೆಯನ್ನು ಸುಮ್ನೆ ಗುಡಿಸಿ ಎಸೆಯಬೇಡಿ, ಮರದ ಕೆಳಗೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು ಹರಡಿದರೆ ಹಿಕ್ಕೆ ಅದರಲ್ಲಿ ಬೆರೆತು ಒಳ್ಳೆ ಗೊಬ್ಬರ. ನಮ್ಮಲ್ಲಿ ಹೊಲಕ್ಕೆ ಅದನ್ನೇ ಹಾಕುತ್ತಾರೆ.

ನೀರುಕಾಗೆ:
ಕೆರೆಯನ್ನೂ ನೋಡಿಕೊಳ್ಳಿ. 2017–18ರಲ್ಲಿ ಬೆಳ್ಳೂರಲ್ಲಿ ಹತ್ತಾರು ಬೆಳೆದ ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯೊಳಗೆ ದುಂಡುಹುಳು. ಅದು ಮೀನಿನಿಂದ ಬರುತ್ತೆ. ಸತ್ತ ಹಕ್ಕಿ ಕಂಡರೆ ಬರಿಗೈಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ.

ಬೆಳ್ಳೂರು ಸೊಸೆ:
ಹೌದು, ಆ ತಿಂಗಳುಗಳು ಮರೆಯೋಕಾಗಲ್ಲ. ಅಂಗಳದಲ್ಲೇ ಬಿದ್ದಿರುತ್ತಿದ್ದವು.

ಕೆರೆದಂಡೆ:
ಗಾರ್ಡ್ ಬಂದು ಮರಿ ತೆಗೆದುಕೊಂಡು ಹೋದರು. ಅಕ್ಕಾ, ನೀವು ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಪರಿಹಾರ ನಂಬಲಿಲ್ಲ. ಗೊಬ್ಬರ ಅಂದಾಗ ಮಾತ್ರ ತಲೆ ಎತ್ತಿದರು. ಈಗ ಮರದ ಬುಡಕ್ಕೆ ಮಣ್ಣು ಹೊರುತ್ತಿದ್ದಾರೆ.