ಸ್ಪಾದಾಗ 6 ತಾಸಿನ ರೇಸ್: ಅರ್ಧ ಸ್ಟಿಂಟ್ ಆದಮ್ಯಾಲ ಕಾರಿನ ಹಿಂಭಾಗ ಜಾರ್ತದ, ಸೆಟಪ್ ಎಲ್ಲಿ ತಪ್ಪೇದ?

ಗುಮ್ಮಟನಾಡು, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಅಸೆಟ್ಟೊ ಕೋರ್ಸಾ ಕಾಂಪಿಟಿಟ್ಸಿಯೋನೆ ಅನ್ನೂ ಕಾರ್ ರೇಸಿನ ಕಂಪ್ಯೂಟರ್ ಆಟದಾಗ ಬೆಲ್ಜಿಯಂದ ಸ್ಪಾ ಟ್ರ್ಯಾಕಿನ ಮ್ಯಾಲ 6 ತಾಸಿನ ಟೀಮ್ ರೇಸ್ ಅದ. ಕಾರು ಪೋರ್ಷೆ 992 ಜಿಟಿ3 ಆರ್, ಡ್ರೈವರ್ ಮೂರು ಮಂದಿ. ಒಬ್ಬರು ಒಂದು ಸಲಕ್ಕ (ಅದಕ್ಕ ಸ್ಟಿಂಟ್ ಅಂತಾರ) 65 ನಿಮಿಷ ಮೀರಿ ಓಡಸಂಗಿಲ್ಲ. ಪೆಟ್ರೋಲ್ ತುಂಬಸಬಹುದು, ಟೈರ್ ಸೆಟ್ಟಿಗೆ ಮಿತಿ ಇಲ್ಲ. ಆಟದ ಗಡಿಯಾರದಾಗ ಮಧ್ಯಾಹ್ನ ಶುರುವಾಗಿ ಕತ್ತಲಾದಮ್ಯಾಲ ಮುಗೀತದ, ನಡುವ ಮಳಿನೂ ಬರಬಹುದು.

ಕ್ವಾಲಿಫೈಯಿಂಗ್‌ಗೆ (ರೇಸಿಗೆ ಮೊದಲ ಒಂದು ಜೋರಿನ ಲ್ಯಾಪ್ ತೆಗಿಯೂದಕ್ಕ) ಅಂತ ಯಾರೋ ಹಂಚಿದ್ದ ಸೆಟಪ್ (ಕಾರಿನ ಹೊಂದಾಣಿಕೆ) ಹಾಕೇವಿ. ಮೊದಲಿನ ಎಂಟು ಲ್ಯಾಪ್ 2:19ರೊಳಗ ಬರ್ತಾವ. ಹದಿನೈದು ದಾಟಿದ್ರ 2:22. ಪೂವೊನ್ ತಿರುವಿನ ಎರಡನೇ ಅರ್ಧದಾಗ, ಮತ್ತ ಸ್ಟಾವೆಲೊದಿಂದ ಹೊರಗ ಬರೂವಾಗ ಎಕ್ಸಲರೇಟರ್ ಮುಟ್ಟಿದ್ರ ಸಾಕು, ಹಿಂಭಾಗ ಜಾರ್ತದ. ಗಾಳಿ 24 ಡಿಗ್ರಿ ಇದ್ದಾಗ ಬಿಸಿ ಟೈರಿನ ಹವಾ ಮುಂದ 27.4, ಹಿಂದ 27.9 ಪಿಎಸ್ಐ. ಟಿಸಿ (ಗಾಲಿ ಜಾರೂದನ್ನ ತಡೆಯೂ ಟ್ರ್ಯಾಕ್ಷನ್ ಕಂಟ್ರೋಲ್) 2, ಎಬಿಎಸ್ 3, ಬ್ರೇಕ್ ಪ್ಯಾಡ್ ನಂಬರ್ 1, ಇಂಜಿನ್ ಮ್ಯಾಪ್ (ಇಂಜಿನ್ ಬಲದ ಹಂತ) 1. ಲ್ಯಾಪಿಗೆ 3.8 ಲೀಟರ್ ಪೆಟ್ರೋಲ್ ಹೋಗ್ತದ.

ಹವಾ ಎಷ್ಟಿರಬೇಕು? ಪ್ಯಾಡ್ 1 ಆರು ತಾಸು ನಡೀತದೇನು? ಒಂದು ಸ್ಟಿಂಟಿಗೆ ಎಷ್ಟು ಪೆಟ್ರೋಲ್ ಹಾಕೂದು? ತಿಳಿದಾವ್ರು ಹೇಳ್ರಿ.

ಕುಂದಾನಗರಿ, ಬೆಳಗಾವಿ

ಆ ಸೆಟಪ್ ಕೆಟ್ಟದ್ದಲ್ಲರಿ. ಆದ್ರ ಅದನ್ನ ಮಾಡಿದ್ದು ಹೊಸ ಟೈರಿನ ಮ್ಯಾಲ, ಟ್ಯಾಂಕಿನ್ಯಾಗ ನಾಲ್ಕು ಲ್ಯಾಪಿನ ಪೆಟ್ರೋಲ್ ಇಟ್ಟು, ಒಂದು ಲ್ಯಾಪ್ ತೆಗಿಯಾಕ. ನಿಮಗ ಬೇಕಾಗಿದ್ದು 25ನೇ ಲ್ಯಾಪಿನ್ಯಾಗೂ ಮೂರೂ ಮಂದಿ ನಂಬಿ ಓಡಿಸೂವಂಥ ಕಾರು.

ಮೊದಲ ಹವಾ. 27.5ರ ಸುತ್ತ ಇರಲಿ ಅನ್ನೂ ಸಲಹೆ ಹಳೇ ಟೈರಿನ ಕಾಲದ್ದು. 2023ರಾಗ ಆಟದ 1.9 ಆವೃತ್ತಿ ಬಂತು, ನಿಮ್ಮ 992 ಬಂದಿದ್ದೂ ಅದರಾಗ. ಆಗ ಟೈರ್ ಬದಲಾತು, ಈಗ ಒಣ ಟೈರ್ ಬಿಸಿ ಇದ್ದಾಗ 26ರಿಂದ 27ರ ನಡುವ ಇರಬೇಕು. ನಿಮ್ಮ ಹಿಂದಿನ ಟೈರ್ 27.9 ಅಂದ್ರ ಭಾಳ ಉಬ್ಬೇದ. ಉಬ್ಬಿದ ಟೈರ್ ನಡುವಿನ ಪಟ್ಟಿ ಮ್ಯಾಲಷ್ಟ ನಿಂತು ಜಾರತೈತಿ. ಜಾರಿದಷ್ಟೂ ಕಾಯತೈತಿ, ಕಾದಷ್ಟೂ ಹವಾ ಏರತೈತಿ. ಮೊದಲಿನ ಎಂಟು ಲ್ಯಾಪ್ ಚಲೋ ಇದ್ದು ಆಮ್ಯಾಲ ಕೆಡೂದು ಇದಕ್ಕ.

26.6 ಗುರಿ ಇಡ್ರಿ. ಒಂದು ಕ್ಲಿಕ್ ಅಂದ್ರ 0.1. ಹಿಂದ 13 ಕ್ಲಿಕ್, ಮುಂದ 8 ಕ್ಲಿಕ್ ಇಳಿಸಿ ಮತ್ತ ಅಳೀರಿ. ಲೆಕ್ಕ ಮೊದಲನೇ ಸಲಕ್ಕ ಕೂಡಂಗಿಲ್ಲ, ಯಾಕಂದ್ರ ಹವಾ ಇಳಿದ್ರ ಟೈರ್ ಕಾಯೂ ರೀತಿನೂ ಬದಲಾಗತೈತಿ. ಅಳೆಯೂದು ಹೆಂಗ ಅಂದ್ರ, ಸ್ಟಿಂಟಿಗೆ ಬೇಕಾದಷ್ಟು ಪೆಟ್ರೋಲ್ ಹಾಕಿ, ರೇಸಿನ ವೇಗದಾಗ ಎಂಟು ಲ್ಯಾಪ್ ಹೋಗ್ರಿ, 5ರಿಂದ 8ನೇ ಲ್ಯಾಪ್ ತನಕ ಪ್ರತಿ ಸಲ ಒಂದ ಜಾಗಾದಾಗ ನೋಡ್ರಿ, ಬಸ್ ಸ್ಟಾಪ್ ಶಿಕೇನ್ ದಾಟಿ ಗೆರಿ ಮುಟ್ಟೂವಾಗ. ಪೂವೊನ್ ಎಡಕ್ಕ ಉದ್ದ ತಿರುವು, ಅಲ್ಲಿ ನೋಡಿದ್ರ ಬಲಗಡೆ ಟೈರ್ ಸುಳ್ಳು ಹೆಚ್ಚು ತೋರಸತಾವ. ನಾಕೂ ಟೈರಿಗೆ ಬ್ಯಾರೆ ಬ್ಯಾರೆ ಅಂಕಿ ಬಂದ್ರ ಗಾಬರಿ ಬ್ಯಾಡ, ಹಂಗ ಬರಬೇಕು.

ಹವಾ ಸರಿ ಆದಮ್ಯಾಲೂ ಹಿಂಭಾಗ ಹಗುರ ಅನಿಸಿದ್ರ ಟಿಸಿ 4ಕ್ಕ ಏರಸ್ರಿ, ಹಿಂದಿನ ಆಂಟಿ ರೋಲ್ ಬಾರ್ (ತಿರುವಿನ್ಯಾಗ ಕಾರು ವಾಲೂದನ್ನ ತಡೆಯೂ ಸರಳು) ಒಂದು ಕ್ಲಿಕ್ ಮೆತ್ತಗ ಮಾಡ್ರಿ, ಅದೂ ಸಾಲದಿದ್ರ ಕಾರಿನ ಹಿಂದಿನ ರೆಕ್ಕಿ ಒಂದು ಕ್ಲಿಕ್ ಎತ್ತರ. ಒಂದೊಂದ ಬದಲಿಸಿ ನೋಡ್ರಿ, ಮೂರೂ ಕೂಡಿ ಬದಲಿಸಿದ್ರ ಯಾವುದು ಕೆಲಸ ಮಾಡ್ತು ಗೊತ್ತಾಗಂಗಿಲ್ಲ. ರೆಕ್ಕಿ ಏರಿಸಿದ್ರ ಕೆಮ್ಮೆಲ್ ನೇರ ದಾರ್ಯಾಗ ವೇಗ ಸ್ವಲ್ಪ ಬಿಡತೈತಿ. ಬಿಡಲಿ. ರಾತ್ರಿ ಒಂದು ಸಲ ಗಿರಕಿ ಹೊಡದು ಗೋಡೆಗೆ ತಾಗಿದ್ರ ಹೋಗೂ ಹೊತ್ತು ಅದಕ್ಕಿಂತ ಎಷ್ಟೋ ದೊಡ್ಡದು.

ಇನ್ನ 911ರ ಸ್ವಭಾವ, ನಿಮ್ಮ 992 ಅಂದ್ರ 911ರ ಒಂದು ಪೀಳಿಗಿ. ಇಂಜಿನ್ ಹಿಂದ, ಪೆಟ್ರೋಲ್ ಟ್ಯಾಂಕ್ ಮುಂದ. 100 ಲೀಟರ್ ಅಂದ್ರ ಸುಮಾರು 75 ಕೆಜಿ. ಟ್ಯಾಂಕ್ ತುಂಬಿದ್ದಾಗ ಮೂಗು ತಗ್ಗತೈತಿ, ಓ ರೂಜ್ ತಗ್ಗಿನ್ಯಾಗ ಕಾರು ಒತ್ತಿಕೊಂಡಾಗ ತಳಾ ನೆಲಕ್ಕ ಉಜ್ಜತೈತಿ, ಒಂದು ಕ್ಷಣ ಸ್ಟಿಯರಿಂಗ್ ಹಗುರ ಆಗತೈತಿ. ಆ ಕ್ಷಣದಾಗ ಕಾರು ನಿಮ್ಮ ಮಾತು ಕೇಳಂಗಿಲ್ಲ. ಪೆಟ್ರೋಲ್ ಖಾಲಿ ಆದಂಗ ಮೂಗು ಏಳತೈತಿ, ಗಾಳಿಯ ಒತ್ತಡ ಹಿಂದಕ್ಕ ಸರೀತೈತಿ, ವೇಗದ ತಿರುವಿನ್ಯಾಗ ಮುಂದಿನ ಗಾಲಿ ತಿರುಗಾಕ ಒಲ್ಲೆ ಅಂತಾವ. ಆದ್ದರಿಂದ ಮುಂದಿನ ಎತ್ತರ ಗೊತ್ತು ಮಾಡೂವಾಗ ಒಂದು ಸಲ ತುಂಬಿದ ಟ್ಯಾಂಕ್, ಒಂದು ಸಲ 10 ಲೀಟರ್, ಎರಡರಾಗೂ ನೋಡ್ರಿ. ಓಡಿಸೂವಾಗ ಪೆಟ್ರೋಲ್ ಇಳಿದಂಗ ಬ್ರೇಕ್ ಬಯಾಸ್ (ಮುಂದಿನ-ಹಿಂದಿನ ಬ್ರೇಕಿನ ಬಲದ ಹಂಚಿಕೆ) ಒಂದೆರಡು ಕ್ಲಿಕ್ ಹಿಂದಕ್ಕ ತರ್ರಿ.

ಪ್ಯಾಡ್ 1 ಬ್ಯಾಡ. ಅದು ಸಣ್ಣ ರೇಸಿಂದು, ಹಿಡಿತ ಜೋರು, ಸವೆತಾನೂ ಜೋರು. ಹೊಸದು 29 ಮಿಲಿಮೀಟರ್ ದಪ್ಪ ಇರತೈತಿ. ತೆಳ್ಳಗಾದಂಗ ಪೆಡಲ್ ಒತ್ತಿದ್ದಕ್ಕೂ ಕಾರು ನಿಲ್ಲೂದಕ್ಕೂ ತಾಳ ತಪ್ಪತೈತಿ, ಲೆ ಕೊಂಬ್‌ದಾಗ ನಿನ್ನೆಯ ಗುರುತಿಗೇ ಬ್ರೇಕ್ ಹೊಡದ್ರ ಮುಂದಕ್ಕ ಹೋಗ್ತೀರಿ. ಪ್ಯಾಡ್ 2 ದೂರದ ರೇಸಿಗೆ ಅಂತ ಇರೂದು, 6 ತಾಸು ಬದಲಿಸಲಾರದ ಬರತೈತಿ. ಪ್ಯಾಡ್ 3 ಮಳಿಗೆ ಮತ್ತ 24 ತಾಸಿನಂಥಾದಕ್ಕ, ಒಣ ರಸ್ತೆದಾಗ ಬ್ರೇಕಿನ ದೂರ ಹೆಚ್ಚು. ಪ್ಯಾಡ್ 4 ಮುಟ್ಟಬ್ಯಾಡ್ರಿ, 3 ತಾಸಿಗೇ ಮುಗೀತೈತಿ. ಬ್ರೇಕ್ ಡಕ್ಟ್ (ಬ್ರೇಕ್ ತಣ್ಣಗ ಮಾಡೂ ಗಾಳಿಯ ಕೊಳವಿ) ರೇಸಿನ ನಡುವ ನಿಲ್ಲೂ ಪಿಟ್‌ದಾಗ ಬದಲಿಸಾಕ ಬರಂಗಿಲ್ಲ, ಮಧ್ಯಾಹ್ನಕ್ಕೂ ರಾತ್ರಿಗೂ ಒಂದ ಅಂಕಿ ನಡೀಬೇಕು. 3ರಿಂದ ಶುರು ಮಾಡ್ರಿ.

ಘಟಪ್ರಭಾದಂಡಿ, ಬಾಗಲಕೋಟೆ

ಕುಂದಾನಗರಿಯವ್ರು ಹೇಳಿದ್ದು ಸರಿ ಐತ್ರಿ. ಪೆಟ್ರೋಲಿನ ಲೆಕ್ಕ ನಾ ಹೇಳತೀನಿ.

6 ತಾಸನ್ನ 65 ನಿಮಿಷದಿಂದ ಭಾಗಿಸಿದ್ರ ಐದೂವರೆ ಚಿಲ್ಲರ, ಅಂದ್ರ ಆರು ಸ್ಟಿಂಟ್, ಐದು ಪಿಟ್. ಭಾಳ ಮಂದಿ ಐದು ಸ್ಟಿಂಟ್ 65 ನಿಮಿಷ ಓಡಿ, ಕಡೀದು 35 ನಿಮಿಷ ಉಳಸತಾರ. ಆರೂ ಸ್ಟಿಂಟ್ 60 ನಿಮಿಷ ಮಾಡ್ರಿ. ಸರಾಸರಿ 2:20 ಲ್ಯಾಪ್ ಹಿಡಿದ್ರ ಒಂದು ತಾಸಿಗೆ 25.7, ಅಂದ್ರ 26 ಲ್ಯಾಪ್. 26ಕ್ಕ 98.8 ಲೀಟರ್, ಒಂದು ಲ್ಯಾಪ್ ಹೆಚ್ಚಿಗೆ ಸೇರಿ 102.6. ಅದ 65 ನಿಮಿಷಕ್ಕ 28 ಲ್ಯಾಪ್, ಹೆಚ್ಚಿಗಿನ ಒಂದು ಲ್ಯಾಪೂ ಸೇರಿ 110.2 ಲೀಟರ್. ಪ್ರತಿ ಸ್ಟಿಂಟ್ ಸುಮಾರು 6 ಕೆಜಿ ಹಗುರಾಗಿ ಹೊಂಡತೀರಿ, ಮೂರೂ ಮಂದಿಗೆ ಎರಡೆರಡು ಸ್ಟಿಂಟ್ ಸರಿಯಾಗಿ ಬರತಾವ, ಪ್ರತಿಯೊಬ್ಬರಿಗೂ ನಡುವ ಎರಡು ತಾಸು ವಿಶ್ರಾಂತಿ. ಮೊದಲಿನ ಸ್ಟಿಂಟಿಗೆ ಫಾರ್ಮೇಶನ್ ಲ್ಯಾಪಿಂದು (ರೇಸ್ ಶುರುವಾಗೂ ಮೊದಲ ಸಾಲಾಗಿ ಹೋಗೂ ಲ್ಯಾಪ್) ಕೂಡಸ್ರಿ. 3.8 ಅನ್ನೂದು ಒಬ್ಬರ ಕಾಲಿನ ಲೆಕ್ಕ, ಮೂರೂ ಮಂದಿದು ಅಳದು ಹೆಚ್ಚು ಕುಡಿಯೂವರದ್ದು ಹಿಡೀರಿ.

ಉಳಿದ 5 ನಿಮಿಷ ಮಳಿ ಸಲುವಾಗಿ. ಪರದೆ ಮ್ಯಾಲ 10 ನಿಮಿಷ ಮತ್ತ 30 ನಿಮಿಷದ ಮುನ್ಸೂಚನೆ ಬರತೈತಿ. ನಿಮ್ಮ ಪಿಟ್ 60ಕ್ಕ ಐತಿ, ಮಳಿ 63ಕ್ಕ ಬರೂವಂಗ ಐತಿ ಅಂದ್ರ ತಡದು ಒಂದ ಪಿಟ್ಟಿನ್ಯಾಗ ಮಳಿ ಟೈರ್ ಹಾಕಬಹುದು. ಆದ್ರ ಅದಕ್ಕ ಪೆಟ್ರೋಲ್ ಬೇಕಲ್ಲ. ಹಿಂದಿನ ಪಿಟ್ಟಿನ್ಯಾಗ ಮಳಿ ಬರೂ ಲಕ್ಷಣ ಕಂಡ್ರ ಅವಾಗ 110 ತುಂಬಸ್ರಿ, ಇಲ್ಲಂದ್ರ 103. ಮಳಿ ಟೈರಿನ ಹವಾ ಬಿಸಿ ಇದ್ದಾಗ 30ರ ಆಸುಪಾಸು. ರಸ್ತೆ ಒಣಗಾಕ ಹತ್ತಿದ್ರ ಮಳಿ ಟೈರ್ ಬೇಗ ಸುಡತೈತಿ, ಒದ್ದಿ ಇದ್ದ ಪಟ್ಟಿ ಹುಡುಕಿ ಓಡಿಸಿದ್ರ ನಾಕೈದು ಲ್ಯಾಪ್ ಹೆಚ್ಚಿಗೆ ಬರತಾವ.

ಕೋಟೆಕೆರೆ, ಬೆಳಗಾವಿ

ಸೆಟಪ್ ಎಷ್ಟ ಚಲೋ ಮಾಡಿದ್ರೂ ಕರೆಂಟ್ ಹೋದ್ರ ಮುಗೀತು, ಅದಕ್ಕ ಇದನ್ನೂ ನೋಡ್ಕೋರಿ. ರೇಸ್ ಮಧ್ಯ ಯುರೋಪಿನ ಮಧ್ಯಾಹ್ನ 4ಕ್ಕ ಇದ್ರ ನಮಗ ರಾತ್ರಿ ಎಂಟೂವರೆ, ಅವರ ಬೇಸಿಗೆ ಗಡಿಯಾರದಾಗ ಏಳೂವರೆ. ಕಡೀ ಸ್ಟಿಂಟ್ ನಡುರಾತ್ರಿ ದಾಟತೈತಿ.

ಮನಿ ಇನ್ವರ್ಟರ್ ಇದ್ರ ಮೂರು ಸಂಗತಿ ಪರೀಕ್ಷೆ ಮಾಡ್ರಿ. ಒಂದು, ಭಾಳ ಮನ್ಯಾಗ ಇನ್ವರ್ಟರ್ ಲೈನ್ ಲೈಟು ಫ್ಯಾನಿಗಷ್ಟ ಇರತೈತಿ, ಕಂಪ್ಯೂಟರಿನ ಪ್ಲಗ್ ಅದರಾಗ ಐತೇನು? ಎರಡು, ಇನ್ವರ್ಟರ್ ಮ್ಯಾಲ ಯುಪಿಎಸ್ ಮೋಡಿನ ಸ್ವಿಚ್ ಇದ್ರ ಅದನ್ನ ಹಾಕಿರಬೇಕು. ಇಲ್ಲಂದ್ರ ಲೈನ್ ಬದಲಾಗೂ ಹೊತ್ತು ಹೆಚ್ಚಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗತೈತಿ. ಮೂರು, ಸ್ಕ್ವೇರ್ ವೇವ್ ಇನ್ವರ್ಟರ್ ಗೇಮಿಂಗ್ ಪವರ್ ಸಪ್ಲೈಗೆ ಹೊಂದಂಗಿಲ್ಲ, ಪ್ಯೂರ್ ಸೈನ್ ವೇವ್ ಬೇಕು. 150 ಆಂಪಿಯರ್ ಅವರ್ ಬ್ಯಾಟರಿ ಒಂದು ಚಲೋ ಸ್ಥಿತಿಯೊಳಗಿದ್ರ 400 ವ್ಯಾಟ್ ಲೋಡಿಗೆ ಎರಡು ತಾಸಿನಷ್ಟು ಬರತೈತಿ. ಬರೇ ಯುಪಿಎಸ್ ತಗೊಳ್ಳೂದಾದ್ರ 600 ವಿಎ ಸಾಲಂಗಿಲ್ಲ, 1000 ವಿಎ ನೋಡ್ರಿ, ಅದೂ ಕೆಲವು ನಿಮಿಷಕ್ಕಷ್ಟ. ರೌಟರ್ ಮತ್ತ ಫೈಬರ್ ಡಬ್ಬಿ ಎರಡನ್ನೂ ಅದಕ್ಕ ಸೇರಸ್ರಿ. ಮಂದಿ ಮರೆಯೂದು ಇದನ್ನ: ಕಂಪ್ಯೂಟರ್ ಉಳೀತೈತಿ, ನೆಟ್ ಹೋಗತೈತಿ.

ಬಿಜಾಪುರದ ಬ್ಯಾಸಗಿಯೊಳಗ ಕೋಣಿ ಭಾಳ ಕಾದಿರತೈತಿ. ಡೈರೆಕ್ಟ್ ಡ್ರೈವ್ (ಮೋಟರಿಗೆ ನೇರ ಜೋಡಿಸಿದ) ಸ್ಟಿಯರಿಂಗ್ ಇದ್ರ ಮೋಟರ್ ಕಾದು ತನ್ನ ಬಲ ತಾನ ಕಡಿಮಿ ಮಾಡ್ಕೋತೈತಿ, ಅದಕ್ಕ ಮೊದಲ ಫೋರ್ಸ್ 10-15 ಶೇಕಡಾ ಇಳಿಸಿ ರೂಢಿ ಮಾಡ್ಕೋರಿ. ಪೊಟೆನ್ಶಿಯೋಮೀಟರ್ (ಒಳಗ ಉಜ್ಜಿ ಅಳೆಯೂ ಸೆನ್ಸರ್ ಇರೂ) ಪೆಡಲ್ ಇದ್ರ ನಮ್ಮ ಧೂಳಿಗೆ ಬ್ರೇಕಿನ ಗೆರಿ ಪರದೆ ಮ್ಯಾಲ ನಡುಗತೈತಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡದು ಹತ್ತಿಪ್ಪತ್ತು ಸಲ ಒತ್ತಿ ಬಿಟ್ರ ಸರಿ ಆಗತೈತಿ.

ಗುಮ್ಮಟನಾಡು, ವಿಜಯಪುರ

ಎಲ್ಲಾರಿಗೂ ಧನ್ಯವಾದರಿ. ಹವಾ ಇಳಿಸಿ ನೋಡಿದಿವಿ: ಮುಂದ 26.5, ಹಿಂದ 26.8. ಟಿಸಿ 4, ಪ್ಯಾಡ್ 2. ಮೊದಲಿನ ಲ್ಯಾಪ್ 2:19.8, 24ನೇ ಲ್ಯಾಪ್ 2:20.6. ರೆಕ್ಕಿ ಮುಟ್ಟಿಲ್ಲ. ಒಂದ ಪ್ರಶ್ನೆ ಉಳದದ: ಕತ್ತಲಾದಮ್ಯಾಲ ಗಾಳಿ 17 ಡಿಗ್ರಿಗೆ ಇಳೀತದ, ಆಗ ಹವಾ ಏನು ಮಾಡೂದು?

ಕುಂದಾನಗರಿ, ಬೆಳಗಾವಿ

ಛಲೋ ಆತು, ರೆಕ್ಕಿ ಹಂಗ ಬಿಡ್ರಿ. ಗಾಳಿ 1 ಡಿಗ್ರಿ ಇಳಿದ್ರ ಹವಾ ಸುಮಾರು 0.1 ಇಳೀತೈತಿ. 7 ಡಿಗ್ರಿಗೆ 7 ಕ್ಲಿಕ್ ಏರಸ್ರಿ, ಹಿಂದಿನ ಎರಡಕ್ಕ ಮೊದಲ 6 ಹಾಕಿ ನೋಡ್ರಿ.

ಆದ್ರ ಇದನ್ನ ತಪ್ಪದ ನೆನಪಿಡ್ರಿ: ಪಿಟ್ಟಿನ್ಯಾಗ ಹಾಕೂ ಟೈರಿನ ಹವಾ ಸೆಟಪ್ಪಿನ ಟೈರ್ ಪುಟದಿಂದ ಬರಂಗಿಲ್ಲ, ಪಿಟ್ ಸ್ಟ್ರಾಟಜಿ ಪುಟದಾಗ ಬ್ಯಾರೆ ಬರದಿರತೈತಿ. ಮೊದಲಿನ ಸ್ಟಿಂಟ್ 26.6ರಾಗ ಬಂಗಾರದಂಗ ಹೋಗಿ, ಎರಡನೇದ್ದು ಮತ್ತ ಹಳೇ ಅಂಕಿಗೆ ಹೋಗೂದು ಇದಕ್ಕ. ಸ್ಟ್ರಾಟಜಿ ಪುಟದಾಗ ನಾಕೂ ಟೈರ್ ತಿದ್ದಿ ಸೆಟಪ್ ಸೇವ್ ಮಾಡ್ರಿ. ಅಲ್ಲಿ ಬರೆಯೂ ಪೆಟ್ರೋಲ್ ಸೇರಿಸೂ ಲೀಟರ್, ಒಟ್ಟು ಲೀಟರ್ ಅಲ್ಲ. ಟ್ಯಾಂಕಿನ್ಯಾಗ 4 ಉಳದಿದ್ರ 99 ಬರೀರಿ. ಪಿಟ್ಟಿಗೆ ಬರೂ ಲ್ಯಾಪಿನ್ಯಾಗ ಟೈರ್, ಲೀಟರ್, ಮುಂದಿನ ಡ್ರೈವರ್ ಹೆಸರು, ಮೂರನ್ನೂ ಕೆಮ್ಮೆಲ್ ನೇರದಾಗ ನೋಡಿ ಮುಗಸ್ರಿ. ಬ್ಲಾಂಶಿಮೊನ ವೇಗದ ತಿರುವಿನ್ಯಾಗ ಕೈ ಸ್ಟಿಯರಿಂಗ್ ಬಿಡಬಾರದು.