ವಿದ್ಯುತ್ ಮಂಡಲದ ಪಾಠಕ್ಕೆ ಏನು ತೋರಿಸಲಿ?

ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯಲ್ಲಿರುವುದು ಒಂದೇ ಹಳೇ ಲ್ಯಾಪ್‌ಟಾಪ್. ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕ್ ಪಕ್ಕ ಮಾತ್ರ! ದುಡ್ಡಿಲ್ಲದೆ ಸಿಗುವಂಥದ್ದು ಏನಾದರೂ ಇದೆಯಾ?

ಉತ್ತರ 1: ಫೆಟ್ (PhET) ನೋಡಿ ಮೇಡಂ, ಕಂಪ್ಯೂಟರ್ ಪರದೆಯ ಮೇಲೇ ವಿಜ್ಞಾನದ ಪ್ರಯೋಗ ಮಾಡಿ ನೋಡುವ ವೆಬ್‌ಸೈಟ್. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು, ಉಚಿತ. ಒಂದು ಸಲ ಫೈಲ್ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಬ್ಯಾಟರಿ, ತಂತಿ, ಬಲ್ಬ್ ಎಳೆದು ಜೋಡಿಸಬಹುದು. ಬಲ್ಬ್ ಇಲ್ಲದೆ ಬರೀ ತಂತಿಯಲ್ಲಿ ಬ್ಯಾಟರಿಯ ಎರಡೂ ತುದಿ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ನಮ್ಮ ಮಕ್ಕಳು ಅದನ್ನೇ ಹತ್ತು ಸಲ ಮಾಡಿದರು.

ಉತ್ತರ 2: ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇದೆಯಲ್ವಾ? ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ವಿಡಿಯೊ ಇಳಿಸಿಕೊಳ್ಳಿ. ಕೆಲವು ಸುಮ್ನೆ ಪುಸ್ತಕ ಓದಿದ ಹಾಗಿವೆ, ಮೊದಲು ನೀವೇ ನೋಡಿ.

ಕೇಳಿದವರು: ಟ್ಯಾಂಕ್ ಪಕ್ಕ ನಿಂತು ಫೆಟ್ ಇಳಿಸಿಕೊಂಡೆ. ನಮ್ಮಲ್ಲೂ ಬೆಂಕಿ ಹತ್ತಿತು! ನಾಳೆ ನಿಜವಾದ ಸೆಲ್, ಟಾರ್ಚ್ ಬಲ್ಬ್ ತರುತ್ತೇನೆ.