ಕರಾವಳಿಯನ್ನು ಅರಿಯಲು ನಿಮಗೆ ಪ್ರಿಯವಾದ ಕಾದಂಬರಿ, ಚಲನಚಿತ್ರ ಯಾವುವು?

ಬಯಲುಸೀಮೆಯವಳು:
ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ತುಮಕೂರಿನಿಂದ ಉಡುಪಿಗೆ ಬಂದು ನೆಲೆಸಿದ್ದೇನೆ. ಇಲ್ಲಿನ ಮಾತು, ಮಳೆ, ಕಡಲು, ಮನೆತನದ ಕಟ್ಟುಪಾಡು ಎಲ್ಲವೂ ನನಗೆ ಹೊಸತು. ಈ ನೆಲದಿಂದಲೇ ಹುಟ್ಟಿದ ಕಾದಂಬರಿಗಳನ್ನು ಓದಿ, ಚಿತ್ರಗಳನ್ನು ನೋಡಿ ಇದನ್ನು ಅರಿತುಕೊಳ್ಳುವ ಆಸೆಯಿದೆ. ‘ಕಾಂತಾರ’ವನ್ನು ಎಲ್ಲರಂತೆ ನಾನೂ ನೋಡಿದ್ದೇನೆ. ಉದ್ದನೆಯ ಪಟ್ಟಿ ಬೇಡ. ನೀವು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ಒಂದೆರಡು ಕೃತಿಗಳನ್ನು, ಅವು ಏಕೆ ಮೆಚ್ಚುಗೆಯಾದವು ಎಂಬುದರೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಕೋಟದ ಓದುಗ:
ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಿಂದಲೇ ಆರಂಭಿಸಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ರಾಮ ಐತಾಳರು, ಇಂಗ್ಲಿಷ್ ಓದಿಗೆ ಹೋಗಿ ದಾರಿ ತಪ್ಪಿದ ಮಗ ಲಚ್ಚ, ಪೇಟೆಗಳನ್ನು ಸುತ್ತಿ ಊರಿಗೆ ಮರಳುವ ಮೊಮ್ಮಗ ರಾಮ, ಹೀಗೆ ಮೂರು ತಲೆಮಾರುಗಳ ಕಥೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ನನ್ನ ಮಟ್ಟಿಗೆ ಅದು ಪಾರೋತಿ, ಸರಸೋತಿ, ನಾಗವೇಣಿಯರ ಕಾದಂಬರಿ. ಐತಾಳರು ಪೌರೋಹಿತ್ಯಕ್ಕೆಂದು ಮನೆಮನೆಗೆ ಹೋಗುತ್ತಿದ್ದರೆ, ಗದ್ದೆಯ ಕೆಸರಿನಲ್ಲಿ ನಿಂತು ಮನೆಯನ್ನು ಹೊತ್ತು ನಡೆಸಿದವರು ಮಕ್ಕಳಿಲ್ಲದ ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಆ ದುಡಿಮೆಯನ್ನು ಕಾರಂತರು ಹೊಗಳುವುದಿಲ್ಲ, ಮರುಗುವುದೂ ಇಲ್ಲ. ದಿನದಿನದ ಕೆಲಸವನ್ನು ಇದ್ದ ಹಾಗೆ ಬರೆಯುತ್ತಾ ಹೋಗುತ್ತಾರೆ, ಮತ್ತು ಓದುವವರಿಗೆ ಅವರ ದಣಿವು ತಾನಾಗಿಯೇ ತಿಳಿಯುತ್ತದೆ. ಆರಂಭ ನಿಧಾನವಾಗಿ ಸಾಗುತ್ತದೆ, ದಯವಿಟ್ಟು ಕೈಬಿಡಬೇಡಿ. ಮಳೆಗಾಲದಲ್ಲಿ ಓದಿದರೆ ಇನ್ನೂ ಒಳ್ಳೆಯದು.

ಮಂಗಳೂರಿನ ಓದುಗಿ:
ಮೇಲಿನವರ ಆಯ್ಕೆಯನ್ನು ಒಪ್ಪುತ್ತೇನೆ. ಆದರೆ ಅದು ಕರಾವಳಿಯ ಒಂದು ಬಗೆಯ ಮನೆ ಮಾತ್ರ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಅದರ ಬೆನ್ನಿಗೇ ಓದಿ. ತಂದೆಯ ಹಟಕ್ಕೆ ಸಿಲುಕಿ ಗಂಡನಿಂದಲೂ ಎಳೆಯ ಮಗುವಿನಿಂದಲೂ ಬೇರಾಗುವ ನಾದಿರಾಳ ಕಥೆಯನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರ ಸಂಕಟ ಮಾತ್ರ ಅಷ್ಟು ಬೇಗ ಬಿಟ್ಟುಹೋಗದು.

ಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಚಿತ್ರದಲ್ಲಿ ಮೀನುಗಾರರ ಕೇರಿಯಲ್ಲಿ ಒಂಟಿಯಾಗಿರುವ ಸೂಲಗಿತ್ತಿಯ ಮನೆಗೆ ಬಣ್ಣದ ಟಿವಿ ಬರುತ್ತದೆ. ನೆರೆಯ ಹೆಂಗಸರು ಮೊದಮೊದಲು ಅಂಜುತ್ತಾ, ಆಮೇಲೆ ಸಲಿಗೆಯಿಂದ ಅಲ್ಲಿ ಸೇರುವ ದೃಶ್ಯಗಳನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಆದುದರಿಂದಲೇ, ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಕೇರಿಯೊಳಗೆ ಮತದ ಹೆಸರಿನ ಅಪನಂಬಿಕೆ ಹಬ್ಬುವುದನ್ನು ನೋಡುವಾಗ ಎದೆ ಭಾರವಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರವಿದು. ಕಥೆಯೂ ಚಿತ್ರವೂ ಬೇರೆಬೇರೆ ದಾರಿ ಹಿಡಿದಿರುವುದರಿಂದ ಯಾವುದನ್ನು ಮೊದಲು ಆರಿಸಿಕೊಂಡರೂ ನಷ್ಟವಿಲ್ಲ.

ಬಯಲುಸೀಮೆಯವಳು:
ಇಬ್ಬರಿಗೂ ಧನ್ಯವಾದಗಳು. ‘ಚೋಮನ ದುಡಿ’ಯ ವಿಷಯದಲ್ಲಿಯೂ ಹಾಗೆಯೇ ಹೇಳಬಹುದೇ? ಅಥವಾ ಓದಿಯೇ ನೋಡಬೇಕೇ?

ಬಂಟ್ವಾಳದಿಂದ:
ಅದನ್ನು ಓದಿಯೇ ನೋಡಿ. ಶಿವರಾಮ ಕಾರಂತರ 1933ರ ಆ ಚಿಕ್ಕ ಕಾದಂಬರಿಯಲ್ಲಿ ಚೋಮನಿಗಿರುವ ಆಸೆ ಒಂದೇ: ತುಂಡು ಭೂಮಿಯನ್ನು ಪಡೆದು ತಾನೇ ಬೇಸಾಯ ಮಾಡುವುದು. ಜೋಡಿ ಎತ್ತುಗಳಿದ್ದರೂ ಹುಟ್ಟಿದ ಜಾತಿಯ ಕಾರಣಕ್ಕೆ ಅದು ಕೈಗೂಡುವುದಿಲ್ಲ. ಒಡೆಯ ಸಂಕಪ್ಪಯ್ಯನನ್ನು ಬರಿಯ ಕ್ರೂರಿಯಾಗಿ ಚಿತ್ರಿಸದೆ, ಸಂಪ್ರದಾಯಕ್ಕೆ ಅಂಜಿ ಹಿಂಜರಿಯುವವನಾಗಿ ಕಾರಂತರು ತೋರಿಸಿದ್ದಾರೆ. ಆ ಹಿಂಜರಿಕೆಯೂ ಚೋಮನ ಬದುಕನ್ನು ಹೇಗೆ ಮುರಿಯಬಲ್ಲುದು ಎಂಬುದು ನಿಧಾನವಾಗಿ ಓದುವಾಗಲೇ ಮನದಟ್ಟಾಗುವುದು. ಆಮೇಲೆ ನಮ್ಮ ತಾಲೂಕಿನವರೇ ಆದ ಬಿ.ವಿ. ಕಾರಂತರ 1975ರ ಚಿತ್ರವನ್ನು ನೋಡಿ. ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣಕಮಲ ಪಡೆದ ಆ ಚಿತ್ರಕ್ಕೆ ಸಂಗೀತವೂ ಅವರದೇ. ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾವ್ ಅವರಿಗೂ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಮಾತಿನಲ್ಲಿ ಹೇಳಲಾಗದ ದುಃಖವನ್ನೆಲ್ಲ ಚೋಮ ದುಡಿಯಲ್ಲಿ ನುಡಿಸುತ್ತಾನೆ. ಪುಟದ ಮೇಲೆ ನಾವು ಊಹಿಸಿಕೊಂಡಿದ್ದ ಆ ನಾದ ತೆರೆಯ ಮೇಲೆ ಕಿವಿಗೆ ಬೀಳುವಾಗ ಕಥೆ ಗೊತ್ತಿದ್ದವರೂ ಕುಳಿತಲ್ಲಿಂದ ಏಳಲಾರರು. ಕಾದಂಬರಿಯಲ್ಲಿ ಊರಿನ ಬಳಕೆಯ ಪದಗಳು ತೊಡಕಾದರೆ ಇಲ್ಲಿಯೇ ಕೇಳಿ, ತಿಳಿದವರು ಬಿಡಿಸಿ ಹೇಳುತ್ತೇವೆ.